ಅಪ್ಪನ ಹೆಸರಿಗೆ ಅಂಟಿದ ಎರಡಕ್ಷರ

ಆಗಿನ್ನೂ ಎಲ್ಲರ ಕೈಗೂ ಮೊಬೈಲು ಬಂದಿರಲಿಲ್ಲ. ಕಾರವಾರದಲ್ಲಿ ಬಿ.ಕಾಂ. ಕೊನೆಯ ವರ್ಷ ಓದುತ್ತಿದ್ದ ನಾವು ನಾಲ್ವರು ಗೆಳತಿಯರು ಒಂದು ದಿನ ಸೈಬರ್ ಸೆಂಟರಿಗೆ ಹೋಗಿ, ಕೆಲಸ ಹುಡುಕಿಕೊಡುವ ವೆಬ್‌ಸೈಟಿನಲ್ಲಿ ನಮ್ಮ ನಮ್ಮ ಬಯೋಡಾಟಾ ಹಾಕಿ ಬಂದೆವು. ಫೋನ್ ನಂಬರ್ ಕೇಳಿದಲ್ಲಿ ನಾನು ನಮ್ಮೂರು ಅವರ್ಸಾದ ಒಂದು ಕಿರಾಣಿ ಅಂಗಡಿಯ ನಂಬರ್ ಕೊಟ್ಟಿದ್ದೆ. ಅಪ್ಪನ ಹೊಲಿಗೆ ಅಂಗಡಿ ಅದಕ್ಕೆ ತಾಗಿಯೇ ಇತ್ತು.

ಕೆಲವು ದಿನ ಕಳೆದ ಮೇಲೆ, ಮಧ್ಯಾಹ್ನ ಅಪ್ಪ ಕೊರಳಲ್ಲಿ ಅಳತೆಯ ಟೇಪು ಹಾಗೇ ಇಟ್ಟುಕೊಂಡು ಮನೆಗೆ ಬಂದ. ಮುಖದಲ್ಲಿ ರಕ್ತವೇ ಇರಲಿಲ್ಲ.

"ಏನೇ ತಂಗೀ, ನಾ ಯಾವಾಗ ಸತ್ತೆನೇ?"

ನನ್ನ ಕೈಯಲ್ಲಿದ್ದ ಅನ್ನದ ತುತ್ತು ಕೈಯಲ್ಲೇ ಉಳಿಯಿತು. ಹುಬ್ಬಳ್ಳಿಯ ಯಾವುದೋ ಕಂಪನಿಯಿಂದ ಒಬ್ಬ ಹೆಂಗಸು ನನ್ನನ್ನು ಇಂಟರ್‌ವ್ಯೂಗೆ ಕರೆಯಲು ಫೋನ್ ಮಾಡಿದ್ದಳಂತೆ. ಅಪ್ಪ ಖುಷಿಯಿಂದ, "ನಾನು ಅವಳ ಅಪ್ಪ" ಎಂದನಂತೆ. ಅದಕ್ಕವಳು, "ತಂದೆ ಲೇಟ್ ಅಂತ ಬರದಾರಲ್ರೀ, ತೀರಿಕೊಂಡಾರಂತ? ಸುಳ್ಳು ಬರದವ್ರನ್ನ ನಾವು ಕರಿಯೂದಿಲ್ಲ" ಎಂದಳಂತೆ. ಅಪ್ಪ ಬೇಡಿಕೊಂಡ ಮೇಲೆ, ನಾಳೆ ಸಂಜೆಯೊಳಗೆ ಸರಿಮಾಡಿ ಕಳಿಸಿದರೆ ನೋಡೋಣ ಎಂದು ಫೋನ್ ಇಟ್ಟಳಂತೆ.

ನಾನೆಲ್ಲಿ ಹಾಗೆ ಬರೆದೆ? ಟ್ರಂಕಿನಲ್ಲಿದ್ದ ಪ್ರಿಂಟ್ ತೆಗೆದು ನೋಡಿದೆ. ಅಪ್ಪನ ಹೆಸರಿಗೆ ಮೊದಲು 'ಶ್ರೀ', ಅದಕ್ಕೂ ಮೊದಲು ಇಂಗ್ಲಿಷಿನಲ್ಲಿ 'ಎಲ್', 'ಟಿ' ಎಂಬ ಎರಡಕ್ಷರ, ಒಂದು ಚುಕ್ಕೆ. ಲೇಟ್ ಅಂದರೆ ಇದೇ! ಅದೂ ಶ್ರೀಯ ಹಾಗೇ ಯಾವುದೋ ಗೌರವದ ಮಾತು, ಪೇಟೆಯ ಕಂಪನಿಗಳಿಗೆ ಹಾಗೇ ಬರೆಯಬೇಕು ಎಂದು ತಿಳಿದಿದ್ದೆ. ಮರ್ಯಾದೆ ಕೊಡಲು ಹೋಗಿ ಅಪ್ಪನನ್ನು ಕೊಂದಿದ್ದೆ!

ಅಮ್ಮ ಮೊದಲು ದೇವರ ಮುಂದೆ ದೀಪ ಹಚ್ಚಿದಳು. ತಲೆಗೆ ಕಾಗೆ ಮುಟ್ಟಿದರೆ ನೆಂಟರಿಗೆ ಸುಳ್ಳು ಸಾವಿನ ಸುದ್ದಿ ಕಳಿಸುವ ಪದ್ಧತಿ ನಮ್ಮ ಕಡೆ ಇತ್ತು. ಅವರು ಒಂದು ಸಲ ಅತ್ತರೆ ದೋಷ ಹೋಗಿ ಆಯುಷ್ಯ ಹೆಚ್ಚುತ್ತದೆಂದು ನಂಬಿಕೆ. ಅದನ್ನೇ ನೆನೆದು ಸಮಾಧಾನ ಮಾಡಿಕೊಂಡ ಮೇಲೆ ಅವಳಿಗೆ ಮಾತು ಬಂತು.

"ಲೇಟ್ ಅಂದದ್ದು ಸುಳ್ಳೇನಲ್ಲ ಬಿಡಿ. ಚೌತಿಗೆ ಕೊಟ್ಟ ಬ್ಲೌಸು ದೀಪಾವಳಿಗೆ ಹೊಲಿತ್ರಿ."

ಅಪ್ಪ ನಗಲಿಲ್ಲ. "ಮೊದಲು ಅದನ್ನ ಅಳಿಸ್ಕಂಡು ಬಾ" ಎಂದ.

ಮರುದಿನ ಕಾರವಾರದಲ್ಲಿ ಬಸ್ಸಿಳಿದು ಗೆಳತಿಯರನ್ನು ಎಳೆದುಕೊಂಡು ಸೈಬರ್ ಸೆಂಟರಿಗೇ ಹೋದೆ. ಎಲ್ಲರ ಫೈಲುಗಳನ್ನೂ ತೆರೆದು ನೋಡಿದೆವು. ಒಬ್ಬಳ ಅಪ್ಪ, ಪೋಸ್ಟ್ ಆಫೀಸಿನಲ್ಲಿದ್ದವನು, ಆ ಬೆಳಿಗ್ಗೆಯಷ್ಟೇ ಅವಳನ್ನು ಸೈಕಲ್ಲಿನಲ್ಲಿ ಬಸ್‌ಸ್ಟ್ಯಾಂಡಿಗೆ ಬಿಟ್ಟವನು, ಫೈಲಿನಲ್ಲಿ ಸತ್ತಿದ್ದ. ಇನ್ನೊಬ್ಬಳ ಅಪ್ಪ, ಮೇಷ್ಟರು, ಅವರೂ ಸತ್ತಿದ್ದರು. ನಾವೆಲ್ಲ ಒಂದೇ ಬಯೋಡಾಟಾದ ಮೇಲೆ ನಮ್ಮ ನಮ್ಮ ಹೆಸರು ಕುಟ್ಟಿದ್ದೆವು. ಅದನ್ನು ಮೊದಲು ಟೈಪು ಮಾಡಿ ನಮಗೆ ಕೊಟ್ಟವಳು ನಾಲ್ಕನೆಯವಳು, ಹಣಕೋಣ ಊರಿನ ಗೆಳತಿ. ಅವಳ ಅಪ್ಪ ದೋಣಿ ಮಗುಚಿ ತೀರಿಕೊಂಡದ್ದು ನಮಗೆ ಗೊತ್ತಿತ್ತು. ಆ ಎರಡಕ್ಷರ ಅದನ್ನೇ ಹೇಳುತ್ತಿತ್ತು ಎಂಬುದು ಗೊತ್ತಿರಲಿಲ್ಲ.

"ಅಯ್ಯೋ ದೇವಾ, ನನ್ನಿಂದ ಆಯ್ತು ಗೋ" ಎಂದು ಅವಳು ಪೆಚ್ಚಾದಳು. ಯಾರೂ ಬೈಯಲಿಲ್ಲ. ನಾನೇ ಕೀಬೋರ್ಡಿನ ಮುಂದೆ ಕೂತು ಒಂದೊಂದೇ ಫೈಲು ತೆರೆದು ಅಳಿಸುತ್ತ ಬಂದೆ. ಒಬ್ಬೊಬ್ಬರ ಅಪ್ಪ ಎದ್ದು ಬಂದಾಗಲೂ ಹುಡುಗಿಯರು ಕಿಸಕ್ಕನೆ ನಕ್ಕರು. ಹಣಕೋಣದವಳೂ ನಕ್ಕಳು. ನನ್ನದನ್ನು ಸರಿಮಾಡಿ ಹುಬ್ಬಳ್ಳಿಗೆ ಕಳಿಸಿದ ಮೇಲಂತೂ ಜೀವ ಬಂದಂತಾಗಿ, ಅದೇ ಹುರುಪಿನಲ್ಲಿ ಕೊನೆಯ ಫೈಲನ್ನೂ ತೆರೆದು ಆ ಎರಡಕ್ಷರ ಅಳಿಸಿಬಿಟ್ಟೆ.

"ಅದು ಇರ್ಲಿ ಗೋ," ಎಂದಳು ಹಣಕೋಣದವಳು. "ಅದು ನಮ್ಮ ಪಪ್ಪಾಂದು."

ನಾನು ಕೀಬೋರ್ಡನ್ನು ಅವಳತ್ತ ಸರಿಸಿದೆ. ಅವಳು ನನ್ನ ಕುರ್ಚಿಯ ಪಕ್ಕ ಬಗ್ಗಿ, ನಮ್ಮ ಅಪ್ಪಂದಿರ ಹೆಸರಿನ ಹಾಗೇ ಬರೇ 'ಶ್ರೀ' ಎಂದಿದ್ದ ಆ ಸಾಲನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಒಂದೇ ಬೆರಳಿನಲ್ಲಿ ಎಲ್ ಒತ್ತಿದಳು, ಟಿ ಒತ್ತಿದಳು, ಚುಕ್ಕೆ ಇಟ್ಟಳು.