ಜಪಾನಿನವರನ್ನು ಊಟ ಆಯ್ತಾ ಎಂದು ಕೇಳಬಾರದು

ನಾನು ಬಸ್ ಕಂಡಕ್ಟರ್ ಆಗಿದ್ದವನು. ಕೋಲಾರ, ಶ್ರೀನಿವಾಸಪುರ, ಮುಳಬಾಗಿಲು, ಈ ಊರುಗಳ ನಡುವೆ ನನ್ನಿಂದ ಬೇಸ್ತು ಬೀಳದವನು ಯಾರಾದರೂ ಇದ್ದರೆ ಅವನು ನನ್ನ ಬಸ್ಸು ಹತ್ತಿಲ್ಲ ಅಂತಲೇ ಅರ್ಥ. ಬಾಯಿ ತೆರೆದು ನಿದ್ದೆ ಹೊಡೆಯುತ್ತಿದ್ದ ಮಾವಿನ ವ್ಯಾಪಾರಿಯನ್ನು ತಟ್ಟಿ ಎಬ್ಬಿಸಿ, "ನಿಮ್ಮೂರು ದಾಟೋಯ್ತಲ್ಲ ಸ್ವಾಮಿ!" ಎಂದು ಕೂಗಿ, ಅವನು ಗಾಬರಿಯಿಂದ ಚೀಲ ಹೊತ್ತು ಬಾಗಿಲಿಗೆ ಓಡಿದ ಮೇಲೆ "ಮುಂದಿನ ತಿಂಗ್ಳು ದಾಟ್ತದೆ, ಕೂತ್ಕೊಳಿ" ಎಂದು ಇಡೀ ಬಸ್ಸನ್ನು ನಗಿಸಿದವನು ನಾನು. ಈ ಜಂಬವನ್ನೆಲ್ಲ ಮೊದಲೇ ಕೊಚ್ಚಿಕೊಂಡುಬಿಡುತ್ತೇನೆ. ಮುಂದೆ ಹೇಳುವುದರಲ್ಲಿ ಅದಕ್ಕೆ ಜಾಗವಿಲ್ಲ.

ರಿಟೈರಾದ ಮೇಲೆ ಮಾಲೂರಿನಲ್ಲಿ, ಲಕ್ಕೂರಿನ ಕಡೆ ಹೋಗುವ ರಸ್ತೆಯ ಪಕ್ಕ, ಮನೆ ಕಟ್ಟಿಸಿದೆ. ಕೆಳಗೆ ನಾನು ಮತ್ತು ನನ್ನ ಹೆಂಡತಿ. ಮಹಡಿಯ ಮೇಲೆ ಬಾಡಿಗೆಗೆ ಬಂದವರು ಜಪಾನಿನ ಎಂಜಿನಿಯರು. ಹತ್ತಿರದ ಫ್ಯಾಕ್ಟರಿಯಲ್ಲಿ ಕೆಲಸ, ಐವತ್ತು ದಾಟಿದ ವಯಸ್ಸು, ಒಬ್ಬರೇ. ಬೀದಿಯವರೆಲ್ಲ ಅವರನ್ನು ಜಪಾನಣ್ಣ ಅಂತಲೇ ಕರೆಯುತ್ತಿದ್ದರು. ಅವರು ನನ್ನನ್ನು ಸಾರ್ ಎನ್ನುವರು, ನನ್ನ ಹೆಂಡತಿಯನ್ನು ಅಮ್ಮ ಎನ್ನುವರು.

ನಮ್ಮ ಬೀದಿಯಲ್ಲಿ ಎದುರು ಸಿಕ್ಕವರನ್ನು "ಊಟ ಆಯ್ತಾ?" ಎಂದು ಕೇಳಬೇಕು. ಕೇಳದಿದ್ದರೆ ಏನೋ ಮನಸ್ತಾಪ ಎಂದುಕೊಳ್ಳುತ್ತಾರೆ. ಕೇಳಿಸಿಕೊಂಡವರು "ಆಯ್ತು" ಎನ್ನಬೇಕು, ಹೊಟ್ಟೆ ಹಸಿದು ಕರುಳು ಕೂಗುತ್ತಿದ್ದರೂ ಸರಿ. ಅಷ್ಟೇ. ಯಾರು ಏನು ತಿಂದರು ಎಂಬುದು ಯಾರಿಗೂ ಬೇಕಿಲ್ಲ. ಆದರೆ ಜಪಾನಣ್ಣ ಅದನ್ನು ನಿಜವಾದ ಪ್ರಶ್ನೆ ಎಂದುಕೊಂಡುಬಿಟ್ಟರು. ಎದುರುಮನೆಯ ಅಜ್ಜಿ ತಮ್ಮ ಜಗಲಿಯಿಂದ ತೆಲುಗಿನಲ್ಲಿ "ತಿಂಟಿವಾ ನಾಯ್ನಾ?" ಎಂದರೆ ಸಾಕು, ನಿಂತು, ಬ್ಯಾಗು ಕೆಳಗಿಟ್ಟು, ನೆನಪು ಮಾಡಿಕೊಂಡು ಹೇಳುವರು.

"ಆಯ್ತು ಅಜ್ಜಿ. ಅನ್ನ. ಮೊಟ್ಟೆ. ಸಾರು, ಅಮ್ಮ ಕೊಟ್ಟರು. ಮತ್ತೆ... ಸೌತೆಕಾಯಿ ಅರ್ಧ."

"ಇನ್ನರ್ಧ ಯಾಕಪ್ಪಾ ಬಿಟ್ಟೆ?"

"ರಾತ್ರಿಗೆ."

ಬೀದಿಗೆ ಬೀದಿಯೇ ಈ ಪಟ್ಟಿ ಕೇಳಲು ಸಂಜೆ ಕಾದು ಕೂರುತ್ತಿತ್ತು. ಮನೆಮನೆಯ ಮುಂದೆ ನಿಂತು ಅದನ್ನೇ ಮತ್ತೆ ಹೇಳುತ್ತ ಬರುವಷ್ಟರಲ್ಲಿ ಅವರಿಗೆ ಮುಂದಿನ ಊಟದ ಹೊತ್ತಾಗಿರುತ್ತಿತ್ತು.

ಆ ಚಳಿಗಾಲದಲ್ಲಿ ಫ್ಯಾಕ್ಟರಿಯವರು ಅವರನ್ನು ಕೇಳಿದ್ದರು: ಇನ್ನೊಂದು ವರ್ಷ ಇಲ್ಲೇ ಇರುತ್ತೀರಾ, ಇಲ್ಲ ಊರಿಗೆ ಹೋಗುತ್ತೀರಾ? ತಿಂಗಳ ಕೊನೆಯೊಳಗೆ ಹೇಳಬೇಕು. ಅವರಿಗೆ ಇರುವ ಮನಸ್ಸಿತ್ತು. ಹಿಂದಿನ ಮಾವಿನ ಸುಗ್ಗಿಯಲ್ಲಿ ಕೆಲಸದ ಮೇಲೆ ಜಪಾನಿಗೆ ಹೋಗಿದ್ದರಿಂದ ಹಣ್ಣು ತಪ್ಪಿಹೋಗಿತ್ತು. ಈ ಸಲ ಶ್ರೀನಿವಾಸಪುರದಲ್ಲಿರುವ ತನ್ನ ಅಣ್ಣನ ತೋಪಿಗೆ ಕರೆದುಕೊಂಡು ಹೋಗುತ್ತೇನೆಂದು ನನ್ನ ಹೆಂಡತಿ ಮಾತು ಕೊಟ್ಟಿದ್ದಳು. ಮಕ್ಕಳಿಲ್ಲದ ನಮ್ಮ ಮನೆಯಲ್ಲಿ ಸಾರು ರುಚಿಯಾಗಿದೆ ಎಂದು ಬಾಯಿಬಿಟ್ಟು ಹೇಳುತ್ತಿದ್ದವರು ಅವರೊಬ್ಬರೇ. ಅವಳಿಗೆ ಅವರು ಇರಬೇಕಿತ್ತು.

ಇಂಥ ಹೊತ್ತಿನಲ್ಲಿ ದೊರೆ ಬಂದ. ದೊರೆ ಅಂದರೆ ಯುರೋಪಿನವನು. ಫ್ಯಾಕ್ಟರಿಗೆ ಹೊಸ ಯಂತ್ರ ಕೂರಿಸಿಕೊಡಲು ಬಂದು ಸ್ವಲ್ಪ ದಿನ ಇದ್ದವನು. ಅವನಿಗೆ ಜಪಾನಿನ ಬದುಕೆಂದರೆ ಹುಚ್ಚು. ಹಿಂದೆ ಯಾವಾಗಲೋ ಅಲ್ಲಿ ಕೆಲವು ವಾರ ಇದ್ದನಂತೆ. ಭಾನುವಾರವಾದರೆ ಕ್ಯಾಮೆರಾ ತಗುಲಿಸಿಕೊಂಡು ನಮ್ಮ ಮನೆಗೆ ಬಂದು ಜಪಾನಣ್ಣನನ್ನು ನೋಡುತ್ತ ಕೂರುವನು. ಅವರು ಏನು ಮಾಡಿದರೂ ಇವನಿಗೆ ಅದರಲ್ಲೊಂದು ತತ್ವ ಕಾಣುತ್ತಿತ್ತು.

ಬಾಗಿಲ ಬಳಿ ಅವರು ಚಪ್ಪಲಿಯನ್ನು ಹೊರಮುಖವಾಗಿ ತಿರುಗಿಸಿ ಇಟ್ಟಿದ್ದರು. ದೊರೆ ನನ್ನ ಭುಜ ಮುಟ್ಟಿ ಪಿಸುಗುಟ್ಟಿದ: "ನೋಡಿದಿರಾ? ಈ ಲೋಕ ಬಿಟ್ಟು ಹೊರಡಲು ಸದಾ ಸಿದ್ಧ." ಒಡೆದ ಪ್ಲಾಸ್ಟಿಕ್ ಬಕೆಟ್ಟಿಗೆ ಅವರು ಅಂಟು ಮೆತ್ತಿದ್ದರು. "ಒಡೆದದ್ದರಲ್ಲೂ ಸೌಂದರ್ಯ ಕಾಣುವ ಜನ," ಎಂದು ಬಕೆಟ್ಟಿನ ಫೋಟೋ ತೆಗೆದ. ಅದು ನಮ್ಮ ಬಕೆಟ್ಟು. ಒಡೆದದ್ದು ಗೊತ್ತಾದರೆ ಅಮ್ಮ ಬೇಜಾರು ಮಾಡಿಕೊಳ್ಳುತ್ತಾರೆಂದು ಅವರು ಕದ್ದು ಅಂಟಿಸಿದ್ದರು.

ಎಲ್ಲಕ್ಕಿಂತ ಮಜವೆಂದರೆ ತಾರಸಿ. ನಮ್ಮ ನೀರಿನ ಟ್ಯಾಂಕು ತುಂಬಿದರೆ ತಾನಾಗಿ ನಿಲ್ಲುವುದಿಲ್ಲ. ಅದಕ್ಕೆ ಭಾನುವಾರ ಮೋಟರು ಹಾಕಿದಾಗ ಟ್ಯಾಂಕಿನ ಎದುರು ಕೂತು, ತುಂಬಿದ ಕೂಡಲೇ "ಫುಲ್!" ಎಂದು ಕೂಗುವ ಕೆಲಸವನ್ನು ನಾನು ಜಪಾನಣ್ಣನಿಗೆ ವಹಿಸಿದ್ದೆ. ಅವರು ಕಾಲು ಮಡಚಿ, ಕಣ್ಣು ಮಿಟುಕಿಸದೆ ಟ್ಯಾಂಕನ್ನೇ ನೋಡುತ್ತ ಕೂರುವರು. ಅದನ್ನು ಕಂಡು ದೊರೆಗೆ ಕಣ್ಣಲ್ಲಿ ನೀರು. "ಶೂನ್ಯವನ್ನು ಧ್ಯಾನಿಸುತ್ತಿದ್ದಾರೆ," ಎಂದ. ಶೂನ್ಯವಲ್ಲ ಸ್ವಾಮಿ, ಮುಕ್ಕಾಲು ತುಂಬಿದೆ ಎನ್ನಬೇಕೆನಿಸಿತು. ಎನ್ನಲಿಲ್ಲ. ಇಂಥ ಗಿರಾಕಿ ಸಿಕ್ಕಾಗ ನಾನು ಬಿಡುವವನೇ?

ಮನೆ ಮುಂದೆ ದೃಷ್ಟಿಗೆಂದು ಕಟ್ಟಿದ್ದ ಬೂದುಗುಂಬಳದ ಮೇಲೆ ಕೆಂಗಣ್ಣು, ದಪ್ಪ ಮೀಸೆ ಬರೆಸಿದ್ದೆ. ಅದೇನೆಂದು ಅವನು ಕೇಳಿದ. "ನಮ್ಮ ತಾತ," ಎಂದೆ. "ಈ ಜಾಗ ಅವರದ್ದು. ಮನೆ ಬಿಟ್ಟು ಹೊರಡುವಾಗ ಒಮ್ಮೆ ತಲೆ ಬಾಗಿಸಿ ಹೋದರೆ ಅವರ ಮನಸ್ಸು ತಂಪಾಗಿರುತ್ತದೆ." ದೊರೆ ಕುಂಬಳಕಾಯಿಯ ಮುಂದೆ ಕಣ್ಣು ಮುಚ್ಚಿ ನಿಂತ. ಒಳಗಿಂದ ನನ್ನ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಡುಗೆಮನೆಗೆ ಓಡಿದಳು. ಟೀ ಅಂಗಡಿಯಲ್ಲಿ ನನಗೆ ಒಂದು ವಾರ ಅದೇ ಮಾತು, ಅದೇ ನಗು.

ಅವನು ಕೊನೆಯ ಸಲ ಬಂದ ಭಾನುವಾರ ಎರಡು ಸಂಗತಿ ನಡೆದವು. ಮೊದಲನೆಯದು, ಜಪಾನಣ್ಣ ಟ್ಯಾಂಕಿನ ಮುಂದೆ ಕೂತಿದ್ದಾಗ ದೊರೆ ಅಲುಗಾಡಬೇಡಿ ಎಂದು ಕೇಳಿಕೊಂಡು ಫೋಟೋ ತೆಗೆಯುತ್ತಲೇ ಇದ್ದ. ಆ ದಾಕ್ಷಿಣ್ಯದ ಮನುಷ್ಯ ಅಲುಗಾಡಲಿಲ್ಲ, ಕೂಗಲೂ ಇಲ್ಲ. ಟ್ಯಾಂಕು ಉಕ್ಕಿ ನೀರು ಕೆಳಗೆ ಸುರಿಯಿತು. ನಮ್ಮ ಕಾಂಪೌಂಡಿನ ಮುಂದೆ ಬಿಸಿಲು ಚೆನ್ನಾಗಿದೆಯೆಂದು ಎದುರುಮನೆಯ ಅಜ್ಜಿ ಅಲ್ಲಿ ಮಂಚ ಹಾಕಿ ಸಂಡಿಗೆ ಇಟ್ಟಿದ್ದರು. ಎಲ್ಲ ಗಂಜಿಯಾಯಿತು. ಅಜ್ಜಿ ತಲೆ ಎತ್ತಿ ತೆಲುಗಿನಲ್ಲಿ ಬೈದರು. ಅವರು ಹಾಲಿನವನನ್ನೂ ಹಾಗೇ ಬೈಯುತ್ತಾರೆ, ನನ್ನನ್ನೂ. ಟೀ ಕುಡಿಯುವ ಹೊತ್ತಿಗೆ ಮರೆತಿರುತ್ತಾರೆ. ಅವತ್ತು ಸಂಜೆಯೂ "ತಿಂಟಿವಾ ನಾಯ್ನಾ?" ಎಂದು ಕೇಳಿಯೇ ಕೇಳಿದರು.

ಎರಡನೆಯದು ಅದರ ಹಿಂದೆಯೇ. ಅಜ್ಜಿ ಕೇಳಿದ್ದು, ಅಂಗಡಿಯಿಂದ ಬರುತ್ತಿದ್ದ ಜಪಾನಣ್ಣ ಚೀಲ ಇಳಿಸಿ ಪಟ್ಟಿ ಒಪ್ಪಿಸಿದ್ದು, ಎಲ್ಲವನ್ನೂ ಗೇಟಿನಲ್ಲಿ ನಿಂತು ನೋಡಿದ ದೊರೆ ಅದೇನೆಂದು ನನ್ನನ್ನು ಕೇಳಿ ತಿಳಿದುಕೊಂಡ, ಅವನ ಮುಖ ಕಪ್ಪಿಟ್ಟಿತು. ನನ್ನನ್ನು ಪಕ್ಕಕ್ಕೆ ಕರೆದ. "ನೀವು ಅವರಿಗೆ ಹಿಂಸೆ ಕೊಡುತ್ತಿದ್ದೀರಿ. ಜಪಾನಿನವರಿಗೆ ಹೊರಗೊಂದು ಮುಖ, ಒಳಗೊಂದು ಮುಖ. ಹೊರಗೆ ನಗುತ್ತಾರೆ, ಒಳಗೆ ನರಳುತ್ತಾರೆ. ಮನೆಯೊಳಗಿನ ವಿಷಯ ಕೇಳುವುದು ಅವರಿಗೆ ಅವಮಾನ. ಅವರನ್ನು ಅವರ ಮೌನಕ್ಕೆ ಬಿಡುವುದೇ ದೊಡ್ಡ ಮರ್ಯಾದೆ," ಎಂದ.

ನಾನು ನಂಬಿದೆ.

ಇದನ್ನು ಬರೆಯುವಾಗ ಕಿವಿ ಬಿಸಿಯಾಗುತ್ತದೆ. ಈ ಮನುಷ್ಯನ ಜ್ಞಾನ ಎಲ್ಲಿಂದ ಬರುತ್ತದೆಂದು ನನ್ನಷ್ಟು ಚೆನ್ನಾಗಿ ಬಲ್ಲವರು ಯಾರಿದ್ದರು? ಕುಂಬಳಕಾಯಿಯನ್ನು ತಾತ ಮಾಡಿ ಅವನ ತಲೆಗೆ ತುಂಬಿದವನು ನಾನೇ. ಬಕೆಟ್ಟು, ಟ್ಯಾಂಕಿನ ಬಗ್ಗೆ ಅವನು ಹೇಳಿದ್ದಕ್ಕೆಲ್ಲ ಹೊಟ್ಟೆ ಹಿಡಿದು ನಕ್ಕವನು, ಜಪಾನಿನವರ ಒಳಮನಸ್ಸಿನ ಬಗ್ಗೆ ಹೇಳಿದ ಕೂಡಲೇ ಕೈಕಟ್ಟಿ ಕೇಳಿಸಿಕೊಂಡೆ. ಜಪಾನಿನಲ್ಲೂ ನನ್ನಂಥ ಒಬ್ಬ ಮುದುಕ ಅವನಿಗೆ ಸಿಕ್ಕಿರಬಹುದು ಎಂದು ನನಗೆ ಹೊಳೆಯಲೇ ಇಲ್ಲ. ನನ್ನ ತಲೆಯ ಮೇಲೆಯೇ ಎರಡು ವರ್ಷದಿಂದ ವಾಸವಿದ್ದ ಮನುಷ್ಯನನ್ನು ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ಬಿಳಿಯನ ಬಾಯಿಂದ ಬಂದಿದ್ದಕ್ಕೆ ಬೆಲೆ ಕೊಟ್ಟೆ. ಮಿಗಿಲಾಗಿ, ಬೀದಿಯಲ್ಲಿ ಯಾರಿಗೂ ಗೊತ್ತಿಲ್ಲದ ವಿಷಯವೊಂದು ನನಗೆ ಗೊತ್ತಾಗಿತ್ತು. ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ಕೂರುವ ಜಾಯಮಾನ ನನ್ನದಲ್ಲ.

ಮಾರನೆಯ ಬೆಳಿಗ್ಗೆ ಟೀ ಅಂಗಡಿಯಲ್ಲಿ ಪಾಠ ಶುರು ಮಾಡಿದೆ.

"ಲೇ, ಜಪಾನಿನವರನ್ನ ಊಟ ಆಯ್ತಾ ಅಂತ ಕೇಳಬಾರ್ದು ಕಣ್ರಲಾ. ಅವಮಾನ ಅದು."

"ಹಂಗಾದ್ರೆ ಆವಣ್ಣ ನಗ್ತಾನಲ್ಲ ಕಂಡಕ್ಟ್ರಣ್ಣಾ?" ಎಂದ ಟೀ ಅಂಗಡಿಯವನು.

"ಅದು ಹೊರಗಿನ ಮುಖ. ಒಳಗಡೆ ನರಳ್ತಾ ಇರ್ತಾರೆ. ಸುಮ್ನೆ ಕೈ ಮುಗ್ದು ಒಳಗೆ ಹೋಗ್ಬಿಡಿ. ಅದೇ ಮರ್ಯಾದೆ."

ಮನೆಯಲ್ಲಿ ಹೆಂಡತಿ ಒಪ್ಪಲಿಲ್ಲ. "ಎರಡು ವರ್ಷ್ದಿಂದ ನನ್ ಸಾರು ಚೆನ್ನಾಗೈತೆ ಅಂತಾರೆ. ಅದೂ ಹೊರಗಿನ ಮುಖಾನೇನ್ರೀ?"

"ಇರಬೋದು ಕಣೇ."

ಅವಳು ಸೌಟು ಕೆಳಗಿಟ್ಟಳು. ಅಂದಿನಿಂದ ಮಹಡಿಗೆ ಸಾರು ಹೋಗುವುದು ನಿಂತಿತು. ಅವಳಿಗೆ ಬೇಜಾರಾಗಿದ್ದು ನನಗೆ ಕಾಣಲಿಲ್ಲ, ನನ್ನ ಪಾಠ ಮನೆಯಲ್ಲೂ ನಾಟಿತೆಂದು ಹಿಗ್ಗಿದೆ.

ನನ್ನ ಮಾತಿಗೆ ಬೀದಿಯಲ್ಲಿ ಅಷ್ಟು ಬೆಲೆ ಇತ್ತು. ಜಪಾನಣ್ಣ ಬರುವುದು ಕಂಡರೆ ಹೆಂಗಸರು ಕೈ ಮುಗಿದು ಒಳಗೆ ಹೋಗುವರು. ಅಜ್ಜಿ ಜಗಲಿಯ ಮೇಲೆ ಕಣ್ಣು ಮುಚ್ಚಿ ನಿದ್ದೆಯ ನಟನೆ ಮಾಡುವರು. ಜಪಾನಣ್ಣ ಅಜ್ಜಿಯ ಮನೆ ಮುಂದೆ ನಡಿಗೆ ನಿಧಾನ ಮಾಡುವರು. ಒಮ್ಮೆ ಕೆಮ್ಮುವರು. ಬ್ಯಾಗನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿ ಮುಂದೆ ಹೋಗುವರು. ಒಂದು ಸಂಜೆ, ಯಾರೂ ಕೇಳದಿದ್ದರೂ, ಬೀದಿಯ ನಡುವೆ ನಿಂತು ಜೋರಾಗಿ "ಊಟ ಆಯ್ತು!" ಎಂದರು. ಎಲ್ಲರೂ ನನ್ನ ಮುಖ ನೋಡಿದರು.

"ಕೇಳದೆ ಇದ್ದಿದ್ದಕ್ಕೆ ಸಂತೋಷ ಆಗೈತೆ ಅವ್ರಿಗೆ," ಎಂದು ಅರ್ಥ ಬಿಡಿಸಿದೆ.

ಬೆಳಿಗ್ಗೆ ಫ್ಯಾಕ್ಟರಿಗೆ ಹೊರಡುವಾಗ ಅವರು ಗೇಟಿನ ಬಳಿ ತಿರುಗಿ ಮನೆಯ ಕಡೆಗೆ ಸೊಂಟ ಬಾಗಿಸಿ ನಮಸ್ಕರಿಸುವುದನ್ನೂ ಆ ದಿನಗಳಲ್ಲೇ ಕಂಡೆ. ಅದಕ್ಕೂ ನನ್ನ ಹತ್ತಿರ ವಿವರಣೆ ತಯಾರಿತ್ತು: ಜಪಾನಿನವರು ನೆರಳು ಕೊಟ್ಟ ಮನೆಗೆ ಹೀಗೆ ಕೃತಜ್ಞತೆ ಹೇಳುತ್ತಾರೆ. ಟೀ ಅಂಗಡಿಯಲ್ಲಿ ಎಲ್ಲರೂ ತಲೆದೂಗಿದರು. ಈ ವಿದ್ಯೆ ಇಷ್ಟು ಸುಲಭ ಎಂದು ನನಗೂ ಗೊತ್ತಿರಲಿಲ್ಲ.

ತಿಂಗಳ ಕೊನೆ ಬಂತು. ಒಂದು ಸಂಜೆ ಅವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕೋಲಾರದಿಂದ ತಂದ ಮೈಸೂರುಪಾಕಿನ ಡಬ್ಬಗಳನ್ನು ಎದೆಗೆ ಒತ್ತಿಕೊಂಡು ಮಹಡಿ ಇಳಿದರು. ನೇರ ಎದುರುಮನೆಗೆ ಹೋಗಿ ಅಜ್ಜಿಯ ಮುಂದೆ ಅರ್ಧಕ್ಕೆ ಬಾಗಿ ಹಾಗೇ ನಿಂತರು. ಅಜ್ಜಿಗೆ ನಿದ್ದೆ ನಟಿಸಲೂ ಆಗಲಿಲ್ಲ.

"ಅಜ್ಜಿ, ಸಂಡಿಗೆ. ತಪ್ಪು ನನ್ನದು. ನೀರು ನಾನು ನೋಡಲಿಲ್ಲ. ಎಲ್ಲರಿಗೂ ಕೋಪ. ಕ್ಷಮಿಸಿ."

"ಯಾವ ಸಂಡಿಗೆ ನಾಯ್ನಾ? ಯಾರಿಗೆ ಕೋಪ?"

"ಅವತ್ತಿಂದ ಯಾರೂ ಕೇಳಲ್ಲ. ಊಟ ಆಯ್ತಾ ಕೇಳಲ್ಲ. ಅಮ್ಮ ಸಾರು ಕೊಡಲ್ಲ. ನಾನು ಹೋಗ್ತೀನಿ, ಫ್ಯಾಕ್ಟರಿಯಲ್ಲಿ ಹೇಳಿದೆ. ನನ್ನ ಜಾಗಕ್ಕೆ ಬೇರೆಯವರು ಬರ್ತಾರೆ."

ಅಜ್ಜಿ ಎದ್ದು ನಿಂತರು. ಬೀದಿಯ ಆಚೆಯಿಂದ ನನ್ನ ಕಡೆಗೆ ಚಾಚಿದ ಆ ಬೆರಳು ಈಗಲೂ ನನ್ನ ಕಣ್ಣ ಮುಂದಿದೆ.

"ಅಯ್ಯೋ, ಈ ಕಂಡಕ್ಟ್ರು ಹೇಳ್ದ ಕಣಪ್ಪಾ! ಕೇಳಿದ್ರೆ ನಿನಗೆ ಅವಮಾನ, ಒಳಗೊಳಗೆ ನರಳ್ತೀಯ ಅಂತ! ನಾನು ದಿನಾ ಬಾಯಿ ಕಟ್ಕೊಂಡು ಸತ್ತೋಗಿದೀನಿ!"

ಬೀದಿಯ ಬಾಗಿಲುಗಳೆಲ್ಲ ತೆರೆದುಕೊಂಡವು. ಟೀ ಅಂಗಡಿಯವನು ಲೋಟ ಹಿಡಿದುಕೊಂಡೇ ಹೊರಗೆ ಬಂದ. ಜಪಾನಣ್ಣ ನನ್ನತ್ತ ತಿರುಗಿದರು. ಕೋಪವೇ ಇದ್ದಿದ್ದರೆ ಏನಾದರೂ ಚಟಾಕಿ ಹಾರಿಸಿ ಪಾರಾಗುತ್ತಿದ್ದೆ. ಅವರ ಮುಖದಲ್ಲಿ ಇದ್ದದ್ದು ಅರ್ಥವಾಗದ ಬೆರಗು.

"ಯಾರು ಹೇಳಿದರು ಸಾರ್, ಹಾಗೆ?"

"ಆ ದೊರೆ..." ಎಂದೆ.

"ಅವರಾ?" ಎಂದರು. "ಸಾರ್, ನನ್ನ ಊರಲ್ಲಿ ನನ್ನ ಮನೆ ಇರೋದು ದೊಡ್ಡ ಕಟ್ಟಡದಲ್ಲಿ. ಪಕ್ಕದ ಮನೆಯವರು ಯಾರು, ಗೊತ್ತಿಲ್ಲ. ಅಲ್ಲಿ ಯಾರೂ ಕೇಳಲ್ಲ, ಅದು ನಿಜ," ಎಂದರು. ಮುಂದೆ ಏನೋ ಹೇಳಲು ಕನ್ನಡ ಹುಡುಕಿದರು. ಸಿಗಲಿಲ್ಲ. ನಾನು ಕೈ ಹಿಡಿದುಕೊಂಡು, ಇದ್ದುಬಿಡಿ, ಫ್ಯಾಕ್ಟರಿಗೆ ನಾನೇ ಬಂದು ಹೇಳುತ್ತೇನೆ ಎಂದೆ. ಅವರ ಜಾಗಕ್ಕೆ ಬರುವವರು ಯಾರೆಂದು ಆಗಲೇ ತೀರ್ಮಾನವಾಗಿಹೋಗಿತ್ತು.

ಉಳಿದ ದಿನಗಳಲ್ಲಿ ಬೀದಿ ಬಡ್ಡಿ ಸೇರಿಸಿ ಕೇಳಿತು. ಬೆಳಿಗ್ಗೆ ಕೇಳಿದವರು ಮಧ್ಯಾಹ್ನವೂ ಕೇಳಿದರು. ಅವರ ಪಟ್ಟಿ ಉದ್ದವಾಯಿತು, ಯಾಕೆಂದರೆ ಮನೆಮನೆಯಿಂದ ಡಬ್ಬಿ ಬರುತ್ತಿತ್ತು. ನನ್ನನ್ನು ಮಾತ್ರ ಯಾರೂ ಏನೂ ಕೇಳಲಿಲ್ಲ. ಟೀ ಅಂಗಡಿಯಲ್ಲಿ ನಾನು ಕೂತ ಬೆಂಚಿನ ಆಚೆ ತುದಿಗೆ ನಗು ಹೋಗಿ ಸೇರಿಕೊಂಡಿತು.

ಹೊರಡುವ ದಿನ ಬೆಳಿಗ್ಗೆ ಕಾರು ಬಂತು. ನನ್ನ ಹೆಂಡತಿ ದಾರಿಗೆಂದು ಚಿತ್ರಾನ್ನದ ಡಬ್ಬಿ ಕಟ್ಟಿಕೊಟ್ಟಳು. ಅವರು ಗೇಟಿನಲ್ಲಿ ನಿಂತು, ಎಂದಿನಂತೆ ತಿರುಗಿ, ಎಂದಿಗಿಂತ ಆಳವಾಗಿ ಬಾಗಿದರು. ನೆಟ್ಟಗಾದಾಗ ನನ್ನ ಹೆಂಡತಿಗೆ ಹೇಳಿದರು:

"ಅಮ್ಮ, ತಾತನಿಗೆ ಬೇಜಾರಾಗದ ಹಾಗೆ ದಿನಾ ಮಾಡಿದೆ. ಆ ಸಾಹೇಬರು ಹೇಳಿದರು, ಮಾಡಬೇಕು ಅಂತ."

ಅವಳು ಕುಂಬಳಕಾಯಿಯನ್ನು ನೋಡಿದಳು. ಆಮೇಲೆ ನನ್ನನ್ನು. ಈ ಸಲ ಸೆರಗು ಬಾಯಿಗೆ ಹೋಗಲಿಲ್ಲ. "ಹೇಳ್ರೀ," ಎಂದಳು ಮೆಲ್ಲಗೆ, "ಈಗಾದ್ರೂ ಹೇಳ್ರೀ."

ಹೇಳಲಿಲ್ಲ. ಜೀವಮಾನವಿಡೀ ಎರಡು ಬಸ್ಸಿಗಾಗುವಷ್ಟು ಮಾತಾಡಿದ ಬಾಯಿ ತೆರೆಯಲೇ ಇಲ್ಲ.

ಕಾರು ಹೊರಟು, ನಾಲ್ಕು ಹೆಜ್ಜೆ ಹೋಗಿ ನಿಂತಿತು. ಗಾಜು ಇಳಿಯಿತು. ಜಪಾನಣ್ಣ ತಲೆ ಹೊರಗೆ ಹಾಕಿ, ನಮ್ಮ ಬೀದಿಯ ರಾಗದಲ್ಲೇ ಕೇಳಿದರು: "ಸಾರ್, ಊಟ ಆಯ್ತಾ?"

ನಮ್ಮಲ್ಲಿ ಆಯ್ತು ಎನ್ನಬೇಕು. ಆದರೆ ಹಿಂದಿನ ರಾತ್ರಿಯಿಂದ ನಾನು ಏನೂ ತಿಂದಿರಲಿಲ್ಲ, ಆ ಮನುಷ್ಯನಿಗೆ ಇನ್ನೊಂದು ಸುಳ್ಳು ಹೇಳುವುದು ನನ್ನ ಕೈಲಾಗಲಿಲ್ಲ.

"ಇಲ್ಲ," ಎಂದೆ.

ಅವರ ಮುಖ ಚಿಕ್ಕದಾಯಿತು. ಪಾಪ, ಅವರ ಪಾಲಿಗೆ ಅದು ಕೊನೆಯವರೆಗೂ ನಿಜವಾದ ಪ್ರಶ್ನೆಯೇ. ಡ್ರೈವರಿಗೆ ತಾಳು ಎಂದು, ಬ್ಯಾಗು ಬಿಚ್ಚಿ, ಚಿತ್ರಾನ್ನದ ಡಬ್ಬಿ ತೆಗೆದು ನನ್ನ ಕೈಯಲ್ಲಿಟ್ಟು, "ತಿನ್ನಿ ಸಾರ್," ಎಂದರು. ಬೇಡ ಬೇಡ ಎನ್ನುವಷ್ಟರಲ್ಲಿ ಕಾರು ಲಕ್ಕೂರು ರಸ್ತೆಗೆ ತಿರುಗಿತು.

ಬೆಚ್ಚಗಿನ ಡಬ್ಬಿ ಹಿಡಿದು ಬೀದಿಯ ನಡುವೆ ನಿಂತಿದ್ದೆ. ಜಗಲಿಯಿಂದ ಅಜ್ಜಿಯ ದನಿ ಬಂತು.

"ಥೂ ನಿನ್ನ! ಅವ್ನ ಬುತ್ತೀನೂ ಕಿತ್ಕೊಂಡ್ಯೇನಯ್ಯಾ?"