ಹಾಲಿನ ಜೊತೆಗೊಂದು ಇದ್ದಿಲು

ಹರಿಹರದ ಪಕ್ಕದ ಗುತ್ತೂರಿನಿಂದ ಬರುತ್ತಿದ್ದ ಆ ಬಾಣಂತಿಯ ಹೆಸರು ನಾನು ಕೇಳಲೇ ಇಲ್ಲ. ದಾವಣಗೆರೆಯ ಆಸ್ಪತ್ರೆಯಲ್ಲಿ ನನ್ನ ಮಗ ದಿನ ತುಂಬುವ ಮೊದಲೇ ಹುಟ್ಟಿ ಗಾಜಿನ ಪೆಟ್ಟಿಗೆಯಲ್ಲಿ ಮಲಗಿದ್ದ. ನನಗಿನ್ನೂ ಹಾಲು ಇಳಿದಿರಲಿಲ್ಲ. ಆಕೆ ತನ್ನ ಮಗು ಕುಡಿದು ಮಿಕ್ಕ ಹಾಲನ್ನು ಐಸ್ ಡಬ್ಬಿಯಲ್ಲಿ ತಂದು, ಇಂಥ ಕೂಸುಗಳಿಗೆಂದೇ ಇದ್ದ ಎದೆಹಾಲಿನ ಬ್ಯಾಂಕಿಗೆ ಕೊಡುತ್ತಿದ್ದಳು.

ಡಬ್ಬಿ ತೆರೆದರೆ ಬಾಟಲಿಗಳ ಪಕ್ಕ ಕಾಗದದಲ್ಲಿ ಸುತ್ತಿದ ಒಂದು ಇದ್ದಿಲು. ನರ್ಸ್ ದಿನಾ ಅದನ್ನೆತ್ತಿ ಹೊರಗಿಡುತ್ತಿದ್ದರು. "ಇದು ಬ್ಯಾಡ ಅಂದಿದ್ದೆನಲ್ಲಮ್ಮ."

"ನಮ್ಮತ್ತಿ ಇಡ್ತಾರ್ರಿ. ಹಾಲು ಮನಿ ದಾಟಿದ್ರೆ ದೃಷ್ಟಿ ಆಗ್ತೈತಂತೆ." ನಗುತ್ತಲೇ ಇದ್ದಿಲನ್ನು ಸೆರಗಿಗೆ ಗಂಟು ಹಾಕಿಕೊಳ್ಳುವಳು. ಆಮೇಲೆ ಗಾಜಿನ ಕಿಟಕಿಯಿಂದ ಇಣುಕಿ, "ಗಟಗಟ ಕುಡೀರಲೇ," ಎಂದು ಒಳಗಿದ್ದ ಕೂಸುಗಳನ್ನೆಲ್ಲ ಗದರುವಳು.

"ನಿಮ್ಮ ಹಾಲು ಯಾವ ಮಗುವಿಗೆ ಹೋಗ್ತೈತ್ರಿ?" ಎಂದು ಒಮ್ಮೆ ಕೇಳಿದೆ.

"ಯಾರಿಗ್ಗೊತ್ರಿ. ಅದಕ್ಕೇ ಎಲ್ಲಾವ್ಕೂ ಬೈತೀನಿ."

ಮಗನನ್ನು ಮನೆಗೆ ಕರೆದೊಯ್ಯುವ ದಿನ ಆಕೆ ಬಾಗಿಲಲ್ಲೇ ಸಿಕ್ಕಳು. ತುಂಬಿಕೊಂಡಿದ್ದ ಅವನ ಗಲ್ಲ ಸವರಿ, ಸೆರಗಿನ ಗಂಟು ಬಿಚ್ಚಿ, ಇದ್ದಿಲನ್ನು ನನ್ನ ಕೈಗಿಟ್ಟಳು.

"ಇಟ್ಕಳ್ರಿ. ಇವತ್ತು ಹಾಲು ನಿಮ್ಮನಿಗೆ ಹೊಂಟೈತೆ."