‘ಬರ್ತೀನಿ’ ಅನ್ನದೆ ಹೊರಡುವುದು

ನನಗೆ ಕೊಟ್ಟ ಕೋಣೆಯ ಕಿಟಕಿಗೆ ಕಬ್ಬಿಣದ ಕದವಿತ್ತು. ಗೋಡೆ ಮೊಳದಷ್ಟು ದಪ್ಪ. ನಮ್ಮೂರು ವಾಡಿಯ ಸಿಮೆಂಟಿನ ಧೂಳು ಕುಡಿದು ಬೆಳೆದವನನ್ನು ಕಡೆಗೂ ಸಿಮೆಂಟಿನ ಡಬ್ಬಿಯೊಳಗೇ ಇಟ್ಟರಲ್ಲ ಎಂದು ನಗುತ್ತ ಮಲಗಿದ್ದೆ. ಬೆಳಿಗ್ಗೆ ಸೈರನ್ ಕೂಗಿತು. ಮನೆಯೊಡತಿ ಯಾಯೆಲ್ ಬಾಯಿ, ಅವರ ನಾಯಿ, ನಾನು ನೋಡಿಕೊಳ್ಳಲೆಂದು ಕೆಲಸಕ್ಕೆ ಬಂದಿದ್ದ, ಗಾಲಿಕುರ್ಚಿಯಲ್ಲಿನ ಅವರ ಮುದಿ ತಂದೆ, ಎಲ್ಲರೂ ಒಳಗೆ ನುಗ್ಗಿದರು. ನಾಯಿ ನನ್ನ ಹೊದಿಕೆಯೊಳಗೆ ಸೇರಿತು. ನಾನಿನ್ನೂ ಬನಿಯನ್ನಿನಲ್ಲಿದ್ದೆ. ಕ್ಷಿಪಣಿ ಬಂದಾಗ ಮನೆಮಂದಿ ಅಡಗುವ ಈ ಕೋಣೆಗೆ ಇಲ್ಲಿ ‘ಮಮಾದ್’ ಅನ್ನುತ್ತಾರೆ. ಇಸ್ರೇಲಿನ ಮರುಭೂಮಿಯಂಚಿನ ಈ ಊರಿನಲ್ಲಿ ಅದೇ ನನ್ನ ಮಲಗುವ ಮನೆ.

ನಮ್ಮ ಕಡೆಯವರು ನನ್ನನ್ನು ಮರೆತಿರಲಾರರು. ವಾಡಿ ಜಂಕ್ಷನ್ನಿನ ಅನೌನ್ಸ್‌ಮೆಂಟಿನ ದನಿ ತೆಗೆದು, ಸೇಡಂಗೆ ಹೋಗುವವರನ್ನು ತಪ್ಪು ಪ್ಲಾಟ್‌ಫಾರ್ಮಿಗೆ ಓಡಿಸುತ್ತಿದ್ದ ಸಿದ್ಧಾರ್ಥ, ಅರ್ಥಾತ್ ಸಿದ್ದು, ನಾನೇ. ಆ ಡಬ್ಬಿಯೊಳಗೂ ಸುಮ್ಮನಿರಲಾಗಲಿಲ್ಲ. ಮೂಗಿನಿಂದ ‘ಯಾತ್ರಿಯೋಂ ಸೇ ನಿವೇದನ್ ಹೈ’ ಎಂದು ಶುರು ಮಾಡಿದೆ. ಮುದುಕರು ಬೊಚ್ಚು ಬಾಯಿ ತೆರೆದು ನಕ್ಕು, “ಯಾವ ಸ್ಟೇಷನ್?” ಎಂದು ಮರಾಠಿಯಲ್ಲಿ ಕೇಳಿದರು. ಅವರು ಕೊಂಕಣದ ಯಹೂದಿ. ನನ್ನ ತಾಯಿ ಸೊಲ್ಲಾಪುರದವಳು. ನಾನು ಸಿಕ್ಕಿಬಿದ್ದದ್ದು ಆ ಕ್ಷಣ.

ಕಾಯಿಲೆ ಬಿದ್ದ ಮೇಲೆ ಅಜ್ಜನಿಗೆ ಹೀಬ್ರೂ ಜಾರಿಹೋಗಿ, ಹುಡುಗತನದ ಮರಾಠಿಯೊಂದೇ ಉಳಿದಿತ್ತು. ಮಗಳಿಗೆ ಮರಾಠಿ ಬಾರದು, ನನ್ನೊಡನೆ ಅವರದು ಇಂಗ್ಲಿಷು. ತಂದೆ ಮಗಳು ಮಾತಾಡಬೇಕಾದರೆ ನಡುವೆ ನನ್ನ ನಾಲಗೆ ಬೇಕು. ನನ್ನ ವೀಸಾ ಈ ಮನೆಗೇ ಕಟ್ಟುಬಿದ್ದಿದೆ, ಕೆಲಸ ಬಿಟ್ಟರೆ ದೇಶ ಬಿಡಬೇಕು. ರಜೆ ಬೇಕಾದರೆ ಬದಲಿ ಜನ ಬೇಕು. ಬಂದವರನ್ನೆಲ್ಲ ಅಜ್ಜ ಊಟದ ತಟ್ಟೆ ತಳ್ಳಿಯೇ ಓಡಿಸಿದರು. ಅವರ ಕೊಂಕಣದ ರಾಗ ನಾನಷ್ಟು ಚೆನ್ನಾಗಿ ತೆಗೆಯದಿದ್ದರೆ ನನ್ನನ್ನೂ ಓಡಿಸುತ್ತಿದ್ದರೇನೋ. ನನ್ನ ಕಲೆಯೇ ನನಗೆ ಬೀಗ ಹಾಕಿತು.

ಅತ್ತ ಚಿತ್ತಾಪುರದಲ್ಲಿ, ಕೋರ್ಟಿನ ಎದುರು ಟೈಪಿಂಗ್ ಅಂಗಡಿ ನಡೆಸುವ ಸುನೀತಾ. ನಮ್ಮ ನಿಶ್ಚಿತಾರ್ಥವಾಗಿದೆ. ಫೋನೆತ್ತಿದರೆ ಅವಳದು ಶುರು:

“ಏ ಮಿಮಿಕ್ರಿ, ತಾರೀಖು ಮುಂದ ಹಾಕಿ ಹಾಕಿ ನಮ್ಮಪ್ಪ ಮಂದಿಗಿ ಮಾರಿ ತೋರ್ಸವಲ್ಲ. ಇನ್ನೊಮ್ಮಿ ಹಾಕಿದ್ರ ನಿನ್ನಂಗ ಮಾತಾಡೋ ಬ್ಯಾರೆಯವ್ನ ನೋಡ್ತೀನಿ.”

“ನನ್ನ ದನಿ ಯಾರಿಗೂ ತೆಗಿಯಾಕ ಬರಂಗಿಲ್ಲ.”

“ನಿನ್ನ ದನಿ ಯಾವ್ದಂತ ನಿನಗರ ಗೊತ್ತದ ಏನು?”

ಶುಕ್ರವಾರ ಸಂಜೆ ಅಜ್ಜ ಮಲೀದಾ ಮಾಡಿಸುತ್ತಾರೆ. ನಮ್ಮ ದರ್ಗಾಗಳಲ್ಲಿ ಕೊಡುವ ಮಲೀದಾ ಎಂದರೆ ರೊಟ್ಟಿ ಬೆಲ್ಲ ಕೂಡಿಸಿ ಮುರಿದದ್ದು. ಇವರದು ನೆನೆಸಿದ ಅವಲಕ್ಕಿ, ತೆಂಗಿನಕಾಯಿ, ಹಣ್ಣು. ಹೆಸರು ಕೇಳಿ ಬಾಯಿ ತೆರೆದವನಿಗೆ ಬೇರೇನೋ ಸಿಕ್ಕಿತು. ಈ ದೇಶವೇ ಹಾಗೆ. ತಿನ್ನುತ್ತ ಒಮ್ಮೆ ಕೇಳಿದೆ, ಕೊಂಕಣದಲ್ಲಿ ನಿಮ್ಮನ್ನು ಓಡಿಸಿದರೇ? ಅವರ ಮರಾಠಿಯನ್ನು ನಮ್ಮ ಮಾತಿಗೆ ಇಳಿಸಿ ಹೇಳುತ್ತೇನೆ.

“ಯಾರು ಓಡಸ್ತಾರೋ? ಗಾಣ ಹಾಕ್ಕೊಂಡಿದ್ವಿ. ಶನಿವಾರ ನಮ್ಮ ದೇವರ ದಿನ, ಎಣ್ಣಿ ತೆಗೀತಿರಲಿಲ್ಲ. ಅದಕ್ಕ ‘ಶನಿವಾರ ತೇಲಿ’, ಅಂದ್ರ ಶನಿವಾರದ ಗಾಣಿಗ್ರು, ಅಂತಿದ್ರು. ಅಷ್ಟೇ.”

“ಹಂಗಾದ್ರ ಯಾಕ ಬಂದ್ರಿ?”

“ಯುರೋಪಿನಾಗ ಒಬ್ಬವಗ ತೆಲಿಯಾಗ ಹೊಳೀತು, ನಮ್ಮಪ್ಪ ಗಂಟು ಕಟ್ಟಿದ.”

ಜೆರುಸಲೇಮಿಗೆ ಮರಳುವ ಆಸೆ ಇವರ ಪ್ರಾರ್ಥನೆಯಲ್ಲಿ ಹಿಂದಿನಿಂದಲೂ ಇತ್ತು. ಆದರೆ ಆಸೆ ಬೇರೆ, ರಾಜಕೀಯ ಬೇರೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ವಿಯೆನ್ನಾದ ಪತ್ರಿಕೆಗೆ ಪ್ಯಾರಿಸ್ಸಿನಿಂದ ವರದಿ ಬರೆಯುತ್ತಿದ್ದ ಯಹೂದಿಯೇ ಅಜ್ಜ ಹೇಳಿದ ಆ ಒಬ್ಬ. ಉಡುಪು, ಮಾತು, ಸಂಗೀತ, ಎಲ್ಲದರಲ್ಲೂ ಸುತ್ತಲಿನವರಂತೆಯೇ ಆದರೆ ಅವರು ನಮ್ಮನ್ನು ಒಳಗೆ ಬಿಡುತ್ತಾರೆಂದು ನಂಬಿದ್ದವನು. ಅಲ್ಲಿ ಯಹೂದಿ ಸೇನಾಧಿಕಾರಿಯೊಬ್ಬನ ಮೇಲೆ ದೇಶದ್ರೋಹದ ಸುಳ್ಳು ಆರೋಪ ಹೊರಿಸಿ, ಎಲ್ಲರೆದುರು ಬಿಲ್ಲೆ ಕಿತ್ತು, ಕತ್ತಿ ಮುರಿದರು. ಜನ ಇಡೀ ಜನಾಂಗಕ್ಕೇ ಧಿಕ್ಕಾರ ಕೂಗಿದರು. ರಷ್ಯಾದಲ್ಲಿ ಅದಕ್ಕೂ ಮೊದಲೇ ಯಹೂದಿ ಕೇರಿಗಳ ಮೇಲೆ ದಾಳಿಗಳಾಗಿದ್ದವು, ಕೆಲವರು ಆಗಲೇ ಈ ನೆಲಕ್ಕೆ ಬಂದಿದ್ದರು. ಆ ವರದಿಗಾರ ಒಂದು ಸಣ್ಣ ಪುಸ್ತಕ ಬರೆದ, ಸ್ವಿಟ್ಜರ್ಲೆಂಡಿನ ಒಂದೂರಿನಲ್ಲಿ ಸಭೆ ಸೇರಿಸಿದ, ಸುಲ್ತಾನರ, ದೊರೆಗಳ ಬಾಗಿಲಿಗೆ ಹೋದ. ಕೇಳಿದ್ದು ಕರುಣೆಯಲ್ಲ, ದೇಶ. ಯಹೂದಿಗಳಿಗೆ ತಮ್ಮದೇ ದೇಶ ಬೇಕೆನ್ನುವ ಜಿಯೋನಿಸಂ ರಾಜಕೀಯವಾದದ್ದು ಹೀಗೆ.

“ಈ ನೆಲದಾಗ ಮೊದಲೇ ಇದ್ದವ್ರಿಗಿ ಯಾರ್ ಕೇಳಿದ್ರು?” ಅಂದೆ.

ಅಜ್ಜ ಬೆರಳಿಗಂಟಿದ ಅವಲಕ್ಕಿ ಒರೆಸಿಕೊಂಡರು. “ಅವ್ರಿಗಿ ಯಾರೂ ಕೇಳಲಿಲ್ಲ. ನಮ್ಮವ್ವಗೂ ಯಾರೂ ಕೇಳಲಿಲ್ಲ. ಆದ್ರ ನಮ್ಮವ್ವಗ ಇಲ್ಲಿ ಮನಿ ಸಿಕ್ತು.”

ಆ ವರದಿಗಾರ ನನಗೆ ಯಾಕೋ ಹತ್ತಿರದವನೆನಿಸಿದ. ನಕಲು ಎಷ್ಟು ಸರಿಯಾಗಿದ್ದರೂ ಬಾಗಿಲು ತೆರೆಯದೆ ಇರಬಹುದು. ನಮ್ಮಜ್ಜ ಸಾಹೇಬರಂತೆ ಕೋಟು ಹಾಕಿ, ಸಾಹೇಬರಂತೆ ಮಾತಾಡುತ್ತ ಹೋಟೆಲ್ಲಿಗೆ ಹೋದರೂ ಚಹಾ ಬರುತ್ತಿದ್ದದ್ದು ಹೊರಗೆ ಗೂಟಕ್ಕೆ ತೂಗುಹಾಕಿದ್ದ ಕಪ್ಪಿನಲ್ಲಿ. ಅವನು ಊರು ಬಿಡಲಿಲ್ಲ, ಬುದ್ಧನ ದಾರಿ ಹಿಡಿದ. ಯಾರನ್ನೂ ಅವರ ನೆಲದಿಂದ ಎಬ್ಬಿಸದೆ ತಾನೇ ಎದ್ದ. ಇದನ್ನು ಈ ಅಜ್ಜನಿಗೆ ಹೇಳಿದಾಗ ಅವರು ತಮ್ಮ ತಟ್ಟೆಯ ಖರ್ಜೂರವನ್ನು ನನ್ನ ತಟ್ಟೆಗೆ ಹಾಕಿದರು.

ಮುಂದಿನ ಶುಕ್ರವಾರ ಯಾಯೆಲ್ ಬಾಯಿ ನನ್ನನ್ನು ನಡುವೆ ನಿಲ್ಲಿಸಿ ತಂದೆಗೆ ಕೇಳಿಸಿದರು: ಸಿದ್ದು ಮದುವೆಗೆ ಹೋಗಿಬರಲೇ, ಬದಲಿಯವನ ಕೈಯಲ್ಲಿ ಉಣ್ಣುತ್ತೀರಾ? ಪ್ರಶ್ನೆ ಅವರದು, ಉತ್ತರ ಅಜ್ಜನದು, ಬಾಯಿ ನನ್ನದು. ಅಜ್ಜ ಬೇಡವೆಂದರೂ ನಾನು ಹೂಂ ಎಂದು ತಿರುಗಿಸಬಹುದಿತ್ತು. ನಾಲಗೆ ತುರಿಸುತ್ತಲೂ ಇತ್ತು.

“ಹೋಗು. ಉಣ್ತೀನಿ,” ಎಂದರು ಅಜ್ಜ. “ಆದ್ರ ಬಾಗಲ್ದಾಗ ನಿಂತು ‘ಯೇತೋ’ ಅನ್ನಬ್ಯಾಡ.”

ನಾವು ಹೊರಡುವಾಗ ‘ಬರ್ತೀನಿ’ ಅನ್ನುವಂತೆ ಮರಾಠಿಯವರು ‘ಯೇತೋ’ ಅನ್ನುತ್ತಾರೆ.

“ನಮ್ಮಪ್ಪ ಊರ ಬಿಡುವಾಗ ಮನಿಮನಿಗಿ ಹೋಗಿ ‘ಯೇತೋ’ ಅಂದ. ಬಾಜು ಮನಿ ಮುದುಕಿ ನಮ್ಮ ಗಾಣದ ಎತ್ತಿನ ಹಗ್ಗ ಹಿಡಕೊಂಡು, ‘ನೀವು ಬರೋತನ ಮೇಯಸ್ತೀನಿ’ ಅಂದ್ಳು. ಯಾರ್ ಹ್ವಾದ್ರು ತಿರುಗಿ? ಹೊಂಟವ ‘ಹೋಗ್ತೀನಿ’ ಅನ್ನಬೇಕು. ನಾ ಎತ್ತು ಮೇಯಿಸ್ಕೋತ ಕೂಡಂಗಿಲ್ಲ.”

ಟಿಕೆಟ್ ಆಗಿದೆ. ಬ್ಯಾಗು ಕಬ್ಬಿಣದ ಬಾಗಿಲಿನ ಹತ್ತಿರವಿದೆ. ಯಾಯೆಲ್ ಬಾಯಿಯ ದನಿ ತೆಗೆಯಬಲ್ಲೆ, ಸೈರನ್ನಿನದೂ ತೆಗೆಯಬಲ್ಲೆ. ‘ಹೋಗ್ತೀನಿ’ ಎಂಬ ಒಂದು ಮಾತು ಮಾತ್ರ ನನ್ನ ದನಿಯಲ್ಲಿ ಹೊರಡುತ್ತಿಲ್ಲ. ನಮ್ಮಲ್ಲಿ ‘ಬರ್ತೀನಿ’ ಅನ್ನದೆ ಹೋಗುವವರು ಸುಡುಗಾಡಿಗೆ ಹೋಗುವವರೊಬ್ಬರೇ.

“ಒಂದ್ ಮಾತ್ ಅಂದು ಬಾರೋ, ನಾಲಗಿ ಸವೀತದೇನು?” ಎಂದು ಸುನೀತಾ ಫೋನಿನಲ್ಲಿ ಬೈದಳು.

“ಮದುವಿ ಮುಗಿಸಿ ಇಲ್ಲಿಗಿ ತಿರುಗಿ ಹೊಂಟಾಗ ನಿನಗೇನ್ ಅನ್ಲಿ?”

ಅತ್ತ ಅವಳು ಯಾರದೋ ಅರ್ಜಿಯ ಸಾಲೊಂದನ್ನು ಟೈಪು ಮಾಡಿ ಮುಗಿಸಿದಳು.

“ಬರ್ತೀನಿ ಅನ್ನು,” ಅಂದಳು. “ಸುಳ್ಳಿದ್ರೂ ಅನ್ನು.”

ಹೊರಗೆ ಟ್ಯಾಕ್ಸಿ ಬಂದು ನಿಂತಿದೆ. ಅಜ್ಜ ಗಾಲಿಕುರ್ಚಿಯನ್ನು ಹೊಸ್ತಿಲಿಗೆ ಅಡ್ಡ ನಿಲ್ಲಿಸಿಕೊಂಡು, ಕಿವಿಯ ಯಂತ್ರ ಸರಿ ಮಾಡಿಕೊಂಡು, ನನ್ನ ಬಾಯಿಯನ್ನೇ ನೋಡುತ್ತಿದ್ದಾರೆ.